ಬಳೆ ಸದ್ದಿನ ಮಸಾಲೆ

ಡಾಕ್ಟರು ನನ್ನ ಬಲ ಮಣಿಕಟ್ಟನ್ನು ಅತ್ತಿತ್ತ ಹೊರಳಿಸಿ ನೋಡಿ, "ಕತ್ತರಿ ಹಿಡೀತೀರೋ, ಗುಂಡು ಹಿಡೀತೀರೋ? ಯಾವುದಾದರೂ ಒಂದು ಬಿಡಲೇಬೇಕು" ಅಂದರು. ನಾನು ದರ್ಜಿ. ಬಟ್ಟೆ ಕತ್ತರಿಸುವ ಕೈ ಇದೇ, ದಿನಾ ಬೆಳಿಗ್ಗೆ ಹಿತ್ತಲ ಕಲ್ಲಿನ ಮೇಲೆ ಗುಂಡು ಎಳೆದು ಮಸಾಲೆ ಅರೆಯುವ ಕೈಯೂ ಇದೇ. ಕತ್ತರಿ ಬಿಟ್ಟರೆ ಅಂಗಡಿಗೆ ಬೀಗ. ಗುಂಡು ಬಿಡೋಣವೆಂದರೆ ಮನೆಯಲ್ಲಿ ಅತ್ತೆ ಇದ್ದಾರೆ.

ಮಿಕ್ಸಿ ಮಸಾಲೆಯನ್ನು ಅರೆಯುವುದಿಲ್ಲ, ಕೊಚ್ಚಿ ಹಾಕುತ್ತದೆ ಎಂದು ಅತ್ತೆ ನಲವತ್ತು ವರ್ಷದಿಂದ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದವರು. ಈಗ ಅವರೇನೂ ಗುಂಡು ಮುಟ್ಟುವುದಿಲ್ಲ. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ನನ್ನ ಬೆವರು ಗಲ್ಲಕ್ಕಿಳಿಯುವ ಹೊತ್ತಿಗೆ ಸರಿಯಾಗಿ, "ಇನ್ನೊಂದು ನಾಲ್ಕು ಸಲ ಎಳಿ" ಅನ್ನುತ್ತಾರೆ. ನನ್ನ ಗಂಡ ಬಸ್ ಕಂಡಕ್ಟರ್. ದಿನವಿಡೀ ಪ್ರಯಾಣಿಕರ ಜಗಳ ಬಿಡಿಸುವ ಮನುಷ್ಯ, ಮನೆ ಜಗಳ ಶುರುವಾದರೆ ಮಾತ್ರ ಮೊದಲ ಸ್ಟಾಪಿನಲ್ಲೇ ಇಳಿದುಬಿಡುತ್ತಾರೆ.

ಕೊನೆಗೆ ಅತ್ತೆಯೇ ಒಂದು ಕರಾರು ಹಾಕಿದರು.

"ಮಿಕ್ಸಿ ತಗೊಂಡು ಬಾ. ಅದರಲ್ಲೊಂದು ಬಟ್ಟಲು, ಕಲ್ಲಲ್ಲೊಂದು ಬಟ್ಟಲು ಅರಿ. ಯಾವುದು ಯಾವುದು ಅಂತ ನಾನು ಹೇಳಿಬಿಟ್ಟರೆ ವಾಪಸ್ ಕೊಟ್ಟು ಬರಬೇಕು."

ನಾನು ನೆನೆಸಿದ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಶುಂಠಿ, ಬೆಳ್ಳುಳ್ಳಿಯನ್ನು ಡಬ್ಬಿಯಲ್ಲಿ ತುಂಬಿಕೊಂಡೇ ಅಂಗಡಿಗೆ ಹೋದೆ. ಅಂಗಡಿಯವನು ಮೋಟಾರಿನ ಶಕ್ತಿಯನ್ನು ತನ್ನ ಮಗನ ಮಾರ್ಕ್ಸ್ ಹೇಳುವ ಹಾಗೆ ಹೇಳುತ್ತಿದ್ದ. "ಅದಿರಲಿ ಅಣ್ಣ, ಒಂದು ಹಿಡಿ ಹಾಕಿ ತೋರಿಸಿ" ಅಂದೆ. ಮೊದಲನೇ ಮಿಕ್ಸಿ ನನ್ನ ಒಂದು ಹಿಡಿಯನ್ನು ಜಾರಿನ ಗೋಡೆಗೆಲ್ಲ ಬಳಿದು, ತಾನು ಖಾಲಿ ಗಾಳಿಯನ್ನು ರುಬ್ಬುತ್ತ ಕೂತಿತು. ಎರಡನೆಯದು ನುಣ್ಣಗೇನೋ ಅರೆಯಿತು, ಆದರೆ ಜಾರು ಬಿಸಿಯಾಗಿ ಮಸಾಲೆ ಅರೆಬೆಂದ ವಾಸನೆ ಹೊಡೆಯಿತು. ಮೂರನೆಯದರ ಚಿಕ್ಕ ಜಾರಿನಲ್ಲಿ ಬ್ಲೇಡು ತಳಕ್ಕೆ ಅಂಟಿದಂತಿತ್ತು. ತಣ್ಣೀರು ಎರಡೇ ಚಮಚ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿದೆ. ಬೆರಳ ನಡುವೆ ಉಜ್ಜಿದರೆ ಸಣ್ಣಗೆ ತರಿ ಸಿಕ್ಕಿತು, ಕಲ್ಲಿನದರ ಹಾಗೇ. ಮೂರು ಜಾರು ತೊಳೆದು ಸುಸ್ತಾಗಿದ್ದ ಅಂಗಡಿಯವನು, "ಮೂರು ದಿನದೊಳಗೆ ಬೇಡ ಅಂದ್ರೆ ವಾಪಸ್ ತಗೋತೀನಿ. ಡಬ್ಬಿ ಮಾತ್ರ ಮತ್ತೆ ತರಬೇಡಿ ತಾಯಿ" ಅಂದ.

ಮಾರನೇ ದಿನ ಪರೀಕ್ಷೆ. ಅತ್ತೆ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಒಳಗಿನಿಂದಲೇ, "ನಾನು ನೋಡಲ್ಲಪ್ಪ, ನೋಡಿದರೆ ಮೋಸ ಆಗತ್ತೆ" ಅಂದರು.

ಮಿಕ್ಸಿ ಎಷ್ಟೇ ಒಳ್ಳೆಯದಿರಲಿ, ಅತ್ತೆಯ ನಾಲಿಗೆಯ ಮುಂದೆ ನಿಲ್ಲುತ್ತದೆಂಬ ಧೈರ್ಯ ನನಗಿರಲಿಲ್ಲ. ಸೋತರೆ ನನ್ನ ಕತ್ತರಿ ಹೋಯಿತು. ಹಾಗಾಗಿ ಎರಡು ಬಟ್ಟಲಿನದನ್ನೂ ಮಿಕ್ಸಿಯಲ್ಲೇ ಒಟ್ಟಿಗೆ ಅರೆದು, ಸಮನಾಗಿ ಹಂಚಿಬಿಟ್ಟೆ. ಆಮೇಲೆ ಹಿತ್ತಲಿಗೆ ಹೋಗಿ, ಬೋರಲು ಬುಟ್ಟಿ ಮುಚ್ಚಿದ್ದ ಕಲ್ಲಿನ ಮುಂದೆ ಕೂತೆ. ಬುಟ್ಟಿ ಎತ್ತಲೂ ಇಲ್ಲ. ಕಾಲು ಗಂಟೆ ಕೈ ಆಡಿಸಿ ಆಡಿಸಿ ಗಾಜಿನ ಬಳೆ ಸದ್ದು ಮಾಡಿದೆ. ನಡುನಡುವೆ "ಉಸ್ಸಪ್ಪಾ" ಅಂದೆ. ಎದ್ದು ಬರುವಾಗ ಹಣೆಗೆ ನೀರನ್ನೂ ಚಿಮುಕಿಸಿಕೊಂಡೆ.

ಅತ್ತೆ ಎರಡು ಬಟ್ಟಲನ್ನೂ ಮೂಸಿದರು, ನೆಕ್ಕಿದರು, ಕಣ್ಣು ಮುಚ್ಚಿದರು. ನನ್ನ ಗಂಡ ಆಗಲೇ ಚಪ್ಪಲಿ ಹಾಕಿಕೊಂಡಿದ್ದರು.

"ಎರಡೂ ಒಂದೇ ಥರ ಇದೆಯಲ್ಲೇ. ನಾನು ಸೋತೆ. ಇಟ್ಕೋ ನಿನ್ನ ಮಿಕ್ಸಿ" ಅಂದರು ಅತ್ತೆ.

ಗೆದ್ದ ಖುಷಿ ಸಂಜೆಯವರೆಗೂ ಉಳಿಯಲಿಲ್ಲ. ಎಂದೂ ಸೋಲು ಒಪ್ಪದ ಹೆಂಗಸನ್ನು ಸುಳ್ಳು ಹೇಳಿ ಸೋಲಿಸಿದೆನಲ್ಲ ಎಂದು ನಾಚಿಕೆಯಾಯಿತು. ಮರುದಿನ ಬೆಳಿಗ್ಗೆ, ಎಡಗೈಯಲ್ಲಾದರೂ ಸರಿ, ಒಂದು ಹಿಡಿ ಕಲ್ಲಲ್ಲೇ ಅರೆದು ಬಡಿಸಿ ಮನಸ್ಸು ಹಗುರ ಮಾಡಿಕೊಳ್ಳೋಣವೆಂದು ಬುಟ್ಟಿ ಎತ್ತಿದೆ. ಕಲ್ಲು ಇತ್ತು. ಗುಂಡು ಇರಲಿಲ್ಲ.

"ಅತ್ತೆ, ಗುಂಡೆಲ್ಲಿ?"

"ನನ್ನ ಮಂಚದ ಕೆಳಗೆ. ಮೊನ್ನೆ ರಾತ್ರಿಯಿಂದ ಅಲ್ಲೇ ಇದೆ."

ನಾನು ಬೆವರಿದೆ, ಈ ಸಲ ನಿಜವಾಗಿ. "ಹಾಗಾದ್ರೆ ನಿಮಗೆ ಎಲ್ಲಾ ಗೊತ್ತಿತ್ತಾ?"

"ನೀನು ಹಟಕ್ಕೆ ಬಿದ್ದು ಆ ಊದಿದ ಕೈಯಲ್ಲೇ ಅರೆದುಬಿಟ್ಟೀಯಾ ಅಂತ ಹೆದರಿ ಎತ್ತಿಟ್ಟಿದ್ದೆ. ನಲವತ್ತು ವರ್ಷ ಆಡಿದ ಮಾತು, ನಾನಾಗೇ ಹೆಂಗೆ ನುಂಗಲಿ? ಗುಂಡು ಕಾಣದೆ ಬಂದು ಕೇಳ್ತೀಯ, ಕಳೆದುಹೋಯ್ತು ಬಿಡು ಅನ್ನೋಣ ಅಂತಿದ್ದೆ. ನೀನು ಕೇಳಲೇ ಇಲ್ಲ."

ನನಗೆ ನಗುವೂ ಬಂತು, ಅಳುವೂ ಬಂತು. ಅತ್ತೆ ನನ್ನ ಮಣಿಕಟ್ಟನ್ನು ಹಿಡಿದು, ಬಳೆಗಳನ್ನು ಮೆಲ್ಲಗೆ ಮೇಲೆ ಸರಿಸಿ, ಊತ ಇಳಿದಿದೆಯಾ ಎಂದು ನೋಡಿದರು.

"ಬಳೆ ಸದ್ದೇನೋ ಚೆನ್ನಾಗೇ ಇತ್ತು," ಅಂದರು. "ಆದರೆ ಬೇಗ ನಿಲ್ಲಿಸಿದೆ. ಇನ್ನೊಂದು ನಾಲ್ಕು ಸಲ ಎಳೀಬೇಕಿತ್ತು."