ಹನ್ನೆರಡು ಗಂಟೆಯವರೆಗಿನ ಮೌನ

ಬ್ರಸೆಲ್ಸ್‌ನ ನಮ್ಮ ಕಚೇರಿಯಲ್ಲಿ ಒಪ್ಪಿಗೆ ಪಡೆಯುವ ಕ್ರಮವೇ ಬೇರೆ. ಜಂಟಿ ಹೇಳಿಕೆಯ ಕರಡನ್ನು ನಾನು ನಮ್ಮ ಒಕ್ಕೂಟದ ಇಪ್ಪತ್ತೇಳು ದೇಶಗಳಿಗೂ ಕಳಿಸಿ ಗಡುವು ಕೊಡುತ್ತೇನೆ. ಅಷ್ಟರೊಳಗೆ ಯಾರೂ ಬಾಯಿಬಿಡದಿದ್ದರೆ ಎಲ್ಲರೂ ಒಪ್ಪಿದಂತೆ. ಒಂದು ದೇಶ ಆಕ್ಷೇಪ ಬರೆದರೂ ಸಾಕು, ಮೌನ ಮುರಿಯಿತು, ಹೇಳಿಕೆ ಸತ್ತಿತು.

ಆ ಗುರುವಾರದ ಕರಡು ಕೈ ಸುಡುವಂಥದು. ನಮಗೆಲ್ಲ ಹಳೆಯ ಮಿತ್ರನಾದ ದೊಡ್ಡ ದೇಶವೊಂದು ಒಂದು ಪುಟ್ಟ ದ್ವೀಪದ ಬಂದರಿಗೆ ದಿಗ್ಬಂಧನ ಹಾಕಿತ್ತು. ಅದು ತಪ್ಪೆಂದು ನಾಲ್ಕು ಸಾಲಿನಲ್ಲಿ ಹೇಳಬೇಕಿತ್ತು. ಗಡುವು ಮಧ್ಯಾಹ್ನ ಹನ್ನೆರಡು.

ಹನ್ನೊಂದೂವರೆಗೆ ಐನಾರ್ಸ್ ನನ್ನ ಕೋಣೆಗೆ ಬಂದ. ಬಾಲ್ಟಿಕ್ ದಂಡೆಯ ಸಣ್ಣ ದೇಶವೊಂದರ ಪ್ರತಿನಿಧಿ. ಹೆಂಡತಿ ತೀರಿಕೊಂಡ ಮೇಲೆ ಕಚೇರಿ ಬಿಟ್ಟರೆ ಅವನಿಗೆ ಬೇರೆ ಜಾಗವಿರಲಿಲ್ಲ.

"ಲೀವೆ, ಯಾರಾದ್ರೂ ಮುರಿದ್ರಾ?"

"ಇಲ್ಲ. ನಿಂಗ್ಯಾಕಪ್ಪಾ ಅವಸರ?"

"ರಾಜಧಾನಿಯಿಂದ ಅಪ್ಪಣೆ ಬಂದಿದೆ. ಬೇರೆಯವ್ರು ಮುರಿದ್ರೆ ಸುಮ್ನಿರು, ಯಾರೂ ಮುರೀದಿದ್ರೆ ನೀನೇ ಮುರಿ ಅಂತ. ನಮ್ಮ ಗಡಿ ಕಾಯ್ತಿರೋರು ಆ ದೊಡ್ಡವ್ನ ಸೈನಿಕರಲ್ವಾ, ಎಲ್ಲಿ ವಾಪಸ್ಸು ಕರೆಸ್ಕೋತಾನೋ ಅಂತ ಭಯ."

ಅಷ್ಟರಲ್ಲಿ ಅವನ ಫೋನು ಕೂಗಿತು. ದಕ್ಷಿಣದ ದೇಶವೊಂದರ ಪ್ರತಿನಿಧಿ ಗೊನ್ಸಾಲು. ಅವನ ದನಿ ನನಗೂ ಕೇಳುತ್ತಿತ್ತು.

"ಏನಯ್ಯಾ, ನೀನು ಮುರೀತೀಯ ತಾನೆ? ನಮಗೂ ಹಿಡಿಸಿಲ್ಲ. ಆದ್ರೆ ನಮ್ಮ ಹೆಸರು ಬೇಡ ನೋಡು."

"ಇನ್ನೂ ಟೈಮಿದೆಯಲ್ಲ," ಎಂದು ಐನಾರ್ಸ್ ಫೋನಿಟ್ಟ. "ಬೆಳಿಗ್ಗೆಯಿಂದ ಇಂಥ ಫೋನು ಇದು ನಾಲ್ಕನೇದು."

ನನಗೆ ಆಶ್ಚರ್ಯವಾಗಲಿಲ್ಲ. ಒಬ್ಬನ ಬೆನ್ನ ಹಿಂದೆ ಐವರು ಅಡಗುವುದು, ಆಮೇಲೆ ಸಭೆಯಲ್ಲಿ ಅವನನ್ನೇ ಬೈಯುವುದು, ಇದನ್ನು ಇಪ್ಪತ್ತೆರಡು ವರ್ಷ ನೋಡಿದ್ದೇನೆ.

"ಆಕ್ಷೇಪ ಕಳಿಸಿಬಿಡು," ಎಂದೆ. "ನಿವೃತ್ತಿಗೆ ಎರಡು ವರ್ಷ ಇದೆ. ಹೇಳಿದಷ್ಟು ಮಾಡಿ ಮನೆಗೆ ಹೋಗು, ಮಹರಾಯ."

"ನಾನು ಶಾಲೆಗೆ ಹೋಗೋವಾಗ ನಮ್ಮ ದೇಶ ಬೇರೆಯವ್ರ ಕೈಲಿತ್ತು, ನಕ್ಷೆಯಲ್ಲೇ ಇರ್ಲಿಲ್ಲ ಲೀವೆ. ಎಲ್ಲೋ ದೂರದಲ್ಲಿ ಯಾರೋ ನಮ್ಮ ಪರವಾಗಿ ನಾಲ್ಕು ಮಾತಾಡಿದ್ರೆ ನಮ್ಮಪ್ಪ ಕದ ಹಾಕ್ಕೊಂಡು ರೇಡಿಯೋಗೆ ಕಿವಿ ಹಚ್ಚೋನು. ಒಬ್ಬೊಬ್ರೇ ಹೇಳಿದ್ರೆ ಆ ದೊಡ್ಡವ್ನು ತಿರುಗೀನೂ ನೋಡಲ್ಲ. ಇಪ್ಪತ್ತೇಳು ಜನ ಒಟ್ಟಿಗೆ ಹೇಳಿದ್ರೆ ಕೇಳಿಸ್ಕೊಳ್ಳಲೇಬೇಕು."

ಆಕ್ಷೇಪದ ಪತ್ರ ಅವನ ಫೋನಿನಲ್ಲಿ ಸಿದ್ಧವಿತ್ತು. ಒಂದು ಬೆರಳು ಒತ್ತಿದರೆ ಮುಗಿಯಿತು. ಅವನು ಒತ್ತಲಿಲ್ಲ. ಉಳಿದವರೂ ಬರೆಯಲಿಲ್ಲ, ಐನಾರ್ಸ್ ಬರೆಯುತ್ತಾನೆಂದು ನಂಬಿ ಕೂತಿದ್ದರು. ಹನ್ನೆರಡು ದಾಟಿತು. ನಾನು ಹೇಳಿಕೆ ಹೊರಡಿಸಿದೆ.

ಸಂಜೆಯೊಳಗೆ ಮೂರು ಖಂಡಗಳ ಸರ್ಕಾರಗಳು ನಮ್ಮ ಮಾತನ್ನೇ ಎತ್ತಿ ಆಡಿದವು. ಗೊನ್ಸಾಲು ಫೋನಿನಲ್ಲಿ "ಕೈಕೊಟ್ಟೆಯಲ್ಲೋ!" ಎಂದು ಐನಾರ್ಸ್ ಮೇಲೆ ಹಾರಾಡಿದ. ಮರುದಿನ ಸಭೆಯಲ್ಲಿ ಅದೇ ಗೊನ್ಸಾಲು ನಮ್ಮ ಒಗ್ಗಟ್ಟನ್ನು ಕೊಂಡಾಡಿದ.

ಸೋಮವಾರ ಐನಾರ್ಸ್‌ನನ್ನು ಅವನ ರಾಜಧಾನಿಯವರು ವಾಪಸ್ಸು ಕರೆಸಿಕೊಂಡರು. ಹೊರಡುವವರಿಗೆ ಎಲ್ಲರೂ ಸೇರಿ ಒಂದು ಗ್ಲಾಸು ವೈನ್ ಕೊಡುವುದು ನಮ್ಮಲ್ಲಿ ಪದ್ಧತಿ. ನಾನು ಮೂವತ್ತು ಗ್ಲಾಸು ಜೋಡಿಸಿದೆ. ಐನಾರ್ಸ್ ಬಿಟ್ಟು ಯಾರೂ ಬರಲಿಲ್ಲ. ಬಂದಿದ್ದರೆ, ಅವನನ್ನು ವಾಪಸ್ಸು ಕರೆಸಿದ್ದು ಯಾಕೆಂದು ತಮಗೆ ಗೊತ್ತಿದೆಯೆಂದು, ತಾವೂ ಅವನ ಹಿಂದೆ ಅಡಗಿದ್ದೆವೆಂದು ಒಪ್ಪಿಕೊಂಡಂತಾಗುತ್ತಿತ್ತು.

"ಊರಲ್ಲಿ ಯಾರಿದಾರೆ?" ಎಂದೆ.

"ಯಾರೂ ಇಲ್ಲ," ಎಂದ. ಸ್ವಲ್ಪ ಹೊತ್ತು ಬಾಗಿಲನ್ನೇ ನೋಡಿ, ಕೋಟು ಕಳಚಿಟ್ಟು, ಉಳಿದ ಗ್ಲಾಸುಗಳನ್ನು ಪೆಟ್ಟಿಗೆಗೆ ತುಂಬಲು ನನ್ನೊಂದಿಗೆ ಕೈಜೋಡಿಸಿದ.