ಅಡುಗೆಮನೆ ಎಲ್ಲಿ ಬರಬೇಕು

ಪಳನಿಯಪ್ಪನ್ ಮೇಸ್ತ್ರಿ ಸೀಮೆಸುಣ್ಣದಿಂದ ನೆಲದ ತುಂಬ ಗೆರೆ ಎಳೆದು ಹೋದಮೇಲೆ ರಾಜಾತಿಗೆ ತನ್ನದೇ ಮನೆಯಲ್ಲಿ ಓಡಾಡಲು ಸಂಕೋಚವಾಯಿತು. ಗೋಡೆ ಬರುವ ಕಡೆ ಸೀರೆ ತುಸು ಎತ್ತಿ ಗೆರೆ ದಾಟುವಳು. ಬಾಗಿಲೆಂದು ಬಿಟ್ಟಿದ್ದ ಸಂದಿನಲ್ಲಿ ಮಾತ್ರ ತಲೆ ತಗ್ಗಿಸಿ ನುಗ್ಗುವಳು.

ಸೇಲಂನ ಗುಗೈಯಲ್ಲಿ, ಆ ನೇಕಾರರ ಕೇರಿಯ ಮನೆಗಳೆಲ್ಲ ಒಂದೇ ಅಚ್ಚು. ಬೀದಿಗೆ ಮಗ್ಗದ ಕೋಣೆ, ನಡುವೆ ಮಲಗುವ ಕೋಣೆ, ಹಿಂದೆ ಹಗಲಲ್ಲೂ ಬಲ್ಬು ಉರಿಯಬೇಕಾದ ಅಡುಗೆಮನೆ. ರಾಜಾತಿಯ ಗಂಡ ಭೂಪತಿ ಮುಂದಿನ ಕೋಣೆಯ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಮೂವತ್ತೊಂದು ವರ್ಷ ರೇಷ್ಮೆ ಪಂಚೆ ನೇಯ್ದವನು. ಮಂಡಿ ಹಿಡಿದುಕೊಂಡಮೇಲೆ, ಇನ್ನು ಗುಂಡಿಗೆ ಇಳಿಯಕೂಡದು ಎಂದರು ಡಾಕ್ಟರು. ಮಗ್ಗದ ಮರವೆಲ್ಲ ಪಕ್ಕದ ಕೇರಿಯ ಮುತ್ತುಸ್ವಾಮಿಯ ಮನೆ ಸೇರಿತು. ಭೂಪತಿಗೆ ನೇಕಾರರ ಸಂಘದ ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಸಿಕ್ಕಿತು. ಉಳಿದದ್ದು ಗುಂಡಿಯೊಂದೇ. ಅದನ್ನು ಮುಚ್ಚಿಸಿ ಇಡೀ ಮನೆಯನ್ನು ಹೊಸದು ಮಾಡಿಸಿ ಎಂದು ಪಾಲಕೋಡಿಗೆ ಕೊಟ್ಟ ಮಗಳು ವಾಣಿ ಹಟ ಹಿಡಿದಿದ್ದಳು. ಮುಂದಿನ ಕೋಣೆ ದೊಡ್ಡ ಹಾಲ್ ಆಗಬೇಕು, ಸೋಫಾ ಬರಬೇಕು ಎಂದು ಫೋನಿಗೆ ದಿನವೂ ಚಿತ್ರ ಕಳಿಸುತ್ತಿದ್ದಳು.

ಬೆಳಿಗ್ಗೆ ಮೇಸ್ತ್ರಿ, "ಅಕ್ಕಾ, ಅಡುಗೆಮನೆ ಎಲ್ಲಿ ಬರ್ಬೇಕು?" ಎಂದು ಕೇಳಿದಾಗ ರಾಜಾತಿ ತಬ್ಬಿಬ್ಬಾಗಿದ್ದಳು. ಅವಳನ್ನು ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. "ಇರೋ ಕಡೇನೇ ಇರ್ಲಿ ಬಿಡಪ್ಪ" ಅಂದಿದ್ದಳು. ಮೇಸ್ತ್ರಿ ಹಿಂದುಗಡೆಯೇ ಗೆರೆ ಎಳೆದಿದ್ದ.

ಭಾನುವಾರದ ಮಧ್ಯಾಹ್ನ. ಊಟ ಮುಗಿಸಿ ನಡುಕೋಣೆಯಲ್ಲಿ ಸೆರಗು ಹಾಸಿ ಅಡ್ಡಾದಳು. ಕಣ್ಣಿಗೆ ಜೊಂಪು ಹತ್ತುತ್ತಿದ್ದಂತೆ ನೆಲದ ಗೆರೆಗಳು ನೂಲೆಳೆಯ ಹಾಗೆ ಮೇಲಕ್ಕೆದ್ದವು. ಎಳೆಗೆ ಎಳೆ ಸೇರಿ ಗೋಡೆಯಾಯಿತು, ತೆಳ್ಳಗೆ, ಬಿಳಿಯ ಪಂಚೆಯಂಥ ಗೋಡೆ. ಗಾಳಿ ಬಂದರೆ ಅಲುಗುತ್ತಿತ್ತು. ರಾಜಾತಿ ಒಂದೊಂದೇ ಬಾಗಿಲು ಸರಿಸಿ ಒಳಗೆ ಹೋದಳು. ಕೋಣೆಯ ಹಿಂದೆ ಕೋಣೆ, ಎಲ್ಲವೂ ಚೆಂದ, ಎಲ್ಲವೂ ಖಾಲಿ. ಕೈಯಲ್ಲಿ ಅಕ್ಕಿ ತೊಳೆದಿಟ್ಟ ಪಾತ್ರೆ. ಒಲೆ ಮಾತ್ರ ಎಲ್ಲೂ ಕಾಣಲಿಲ್ಲ. ಯಾರನ್ನಾದರೂ ಕೇಳೋಣವೆಂದರೆ ಆ ಮನೆಯಲ್ಲಿ ಅವಳ ಹೊರತು ಯಾರೂ ಇರಲಿಲ್ಲ.

ಎಚ್ಚರಾದಾಗ ಕುತ್ತಿಗೆ ಬೆವರಿತ್ತು. ಮುಂದಿನ ಕೋಣೆಯಲ್ಲಿ ಭೂಪತಿ ಗುಂಡಿಯ ಅಂಚಿನಲ್ಲಿ ಸುಮ್ಮನೆ ಕೂತಿದ್ದ. ರಾಜಾತಿ ಎದ್ದು ಅವನ ಹತ್ತಿರ ಹೋಗಿ ನಿಂತಳು.

"ಮನ್ಸಿಗೆ ಬ್ಯಾಜಾರಾದ್ರೆ ಮುಚ್ಸೋದು ಬ್ಯಾಡ. ಗುಂಡಿ ಪಾಡಿಗೆ ಗುಂಡಿ ಇರ್ಲಿ" ಎಂದಳು.

ಭೂಪತಿ ನಕ್ಕ. "ಯಾರಿಗೆ ಬ್ಯಾಜಾರು? ಮುಚ್ಲಿ. ಮೂವತ್ತೊಂದ್ ವರ್ಸ ನನ್ ಕಾಲು ಅಗಲೊತ್ತು ಬಿಸ್ಲೇ ಕಂಡಿಲ್ಲ." ಆಮೇಲೆ ಪಕ್ಕಕ್ಕೆ ಸರಿದು, "ಬಾ, ಇಲ್ಲಿ ಕೂತ್ಕೊ ಒಸಿ" ಅಂದ.

ಅದೇ ಕೋಣೆಯ ಮೂಲೆಯಲ್ಲಿ ರಾಟೆ ಹಿಡಿದು ನೂಲು ಸುತ್ತುತ್ತ ಆಯುಷ್ಯ ಕಳೆದವಳು ರಾಜಾತಿ. ಆದರೆ ಗುಂಡಿಯ ಅಂಚಿನಲ್ಲಿ ಒಂದು ದಿನವೂ ಕೂತವಳಲ್ಲ. ಮೆಲ್ಲಗೆ ಕೂತು ಕಾಲು ಇಳಿಬಿಟ್ಟಳು. ಪಾದಕ್ಕೆ ತಣ್ಣನೆಯ ಮಣ್ಣು ತಾಗಿತು. ಪಕ್ಕದ ಕಿಟಕಿಯಿಂದ ಬೆಳಕು ಬಂದು ಮಡಿಲಲ್ಲಿ ತುಂಬಿಕೊಂಡಿತು. ಕೈ ತಿರುವಿ ನೋಡಿಕೊಂಡಳು: ಉಗುರಿನ ಸಂದಿಯ ಅರಿಸಿನ, ಮಣಿಕಟ್ಟಿನ ಮೇಲೆ ಎಂದೋ ಎಣ್ಣೆ ಸಿಡಿದ ಗುರುತು, ಒಂದೊಂದು ಗೆರೆಯೂ ಬಿಡಿಬಿಡಿಯಾಗಿ ಕಾಣುತ್ತಿತ್ತು.

"ಮನೇಲಿರೋ ಒಳ್ಳೆ ಬೆಳ್ಕೆಲ್ಲ ಇಲ್ಲೇ ಐತೆ" ಎಂದ ಭೂಪತಿ. "ನೂಲು ಕಾಣ್ಲಿ ಅಂತ ನಮ್ಮಪ್ಪ ನೋಡಿ ನೋಡಿ ಇಲ್ಲೇ ತೋಡಿದ್ದು. ಇಲ್ಲಿ ಕೂತ್ರೆ ನೂಲು ಬಿಟ್ರೆ ನಂಗೆ ಕಾಣ್ತಿದ್ದಿದ್ದು ನಿನ್ ಕಾಲೊಂದೇ. ಆ ಬಾಗ್ಲಾಗೆ ಕತ್ಲಿಂದ ಬರೋವು, ಮತ್ತೆ ಕತ್ಲಿಗೇ ಓಗೋವು." ಅವನು ಕಿಟಕಿಯತ್ತ ಕೈ ತೋರಿಸಿದ. "ಈ ಬೆಳ್ಕು ನಾನುಂಡಿದ್ದು ಸಾಕು. ಅಡುಗೆಮನೆ ಇಲ್ಲಿಗೇ ಬರ್ಲಿ."

ಬಿಸಿಲು ಮಡಿಲಿನಿಂದ ಜಾರಿ ಗೋಡೆ ಹತ್ತುವವರೆಗೂ ರಾಜಾತಿ ಅಲ್ಲಿಂದ ಏಳಲಿಲ್ಲ.

ಮರುದಿನ ಮೇಸ್ತ್ರಿ ಕೇಳಿ ತಲೆ ಕೆರೆದುಕೊಂಡ. "ಬೀದಿ ಕಡೆಗೆ ಅಡುಗೆಮನೆ ಯಾರಕ್ಕಾ ಇಡ್ತಾರೆ? ಇಷ್ಟು ವರ್ಷದಲ್ಲಿ ನಾನು ಒಂದೂ ಕಟ್ಟಿಲ್ಲ."

ಫೋನಿನಲ್ಲಿ ವಾಣಿಯದೂ ಅದೇ ತಕರಾರು. "ಅಮ್ಮಾ, ಬಂದೋರು ಬಾಗ್ಲಲ್ಲೇ ಸಾಂಬಾರ್ ಪಾತ್ರೆ ನೋಡ್ಬೇಕಾ?"

"ನೋಡ್ಲಿ ಬಿಡು ಕಣಮ್ಮಾ. ಅಸ್ಕೊಂಡ್ ಬಂದೋರ್ಗೆ ಸೋಫಾ ತಿನ್ಸಕ್ಕಾಯ್ತದಾ?" ಎಂದಳು ರಾಜಾತಿ. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. ಆ ಕಡೆ ವಾಣಿ ನಕ್ಕುಬಿಟ್ಟಳು.

ರಾಜಾತಿ ಒದ್ದೆಬಟ್ಟೆ ತಂದು ಹಿಂದಿನ ಗೆರೆಗಳನ್ನು ತಾನೇ ಒರೆಸಿದಳು. ಕೆಮ್ಮಣ್ಣು ಬಂದು ಬಿತ್ತು. ಮೊದಲ ಬಾಂಡ್ಲಿ ಮಣ್ಣು ಭೂಪತಿಯೇ ಸುರಿದ. ಗುಂಡಿ ತುಂಬಲು ಒಂದೂವರೆ ದಿನ ಹಿಡಿಯಿತು. ಇಷ್ಟು ಆಳಕ್ಕೆ ಕಾಲು ಇಳಿಬಿಟ್ಟು ಮನುಷ್ಯನೊಬ್ಬ ಅಷ್ಟು ವರ್ಷ ಹೇಗೆ ಕೂತಿದ್ದನೋ ಎಂದು ರಾಜಾತಿಗೆ ಆಗ ಅಚ್ಚರಿಯಾಯಿತು.

ಇನ್ನು ಕಿಟಕಿ: ಕೂತು ನೇಯುವವನಿಗೆಂದು ತಗ್ಗಿನಲ್ಲಿಟ್ಟಿದ್ದ ಹಳೆಯದನ್ನು ನಿಂತು ಅಡುಗೆ ಮಾಡುವವಳ ಎತ್ತರಕ್ಕೆ ಏರಿಸಬೇಕಿತ್ತು. ಮೇಸ್ತ್ರಿ ಅಳತೆಯ ಟೇಪು ಬಿಚ್ಚಿ, ಎಲ್ಲ ಮನೆಗೂ ಇಡುವ ಲೆಕ್ಕ ಹೇಳತೊಡಗಿದ.

"ಅದೆಲ್ಲ ಬ್ಯಾಡ ತಮ್ಮಾ" ಎಂದು ರಾಜಾತಿ ಗೋಡೆಯ ಮುಂದೆ ನಿಂತಳು. ಕಣ್ಣು ಮುಚ್ಚಿ, ಇಲ್ಲದ ಕಟ್ಟೆಯ ಮೇಲೆ ಇಲ್ಲದ ಹಿಟ್ಟು ನಾದಿದಳು. ಒಮ್ಮೆ ಬಗ್ಗಿದಳು, ಒಮ್ಮೆ ಬೆನ್ನು ನೆಟ್ಟಗೆ ಮಾಡಿದಳು, ಬೀದಿಯಲ್ಲಿ ಹೋಗುವ ಯಾರಿಗೋ ತಲೆಯಾಡಿಸಿದಳು. ಭೂಪತಿ ನೋಡುತ್ತಿದ್ದ. ಆಮೇಲೆ ಅವಳು ಕಣ್ಣು ತೆರೆದು, ಎದೆಯ ಮಟ್ಟಕ್ಕೆ ಗೋಡೆಯ ಮೇಲೆ ಅಂಗೈ ಊರಿದಳು.

"ಇಲ್ಲಿಂದ."

ಮೇಸ್ತ್ರಿ ಅವಳ ಬೆರಳುಗಳ ಸುತ್ತಲೇ ಸೀಮೆಸುಣ್ಣದ ಗುರುತು ಹಾಕಿದ.