ಅಡ್ಡಿಯಿಲ್ಲ ಎಂದವರು ಯಾರು

ವಿಶ್ವವಿದ್ಯಾಲಯದಲ್ಲಿ ಲೆಕ್ಕಶಾಸ್ತ್ರ ಕಲಿಸುವ ಮೇಡಂಗೆ, ಅಕ್ಕನ ಗಂಡ ಫೋನ್ ಮಾಡಿದಾಗಿನಿಂದ ಊಟ ಸೇರಲಿಲ್ಲ. ಭಾವ ಕಂಪನಿ ಲೆಕ್ಕಪತ್ರಗಳ ನಿಯಮ ಮಾಡುವ ಮಂಡಳಿಯ ಕಾರ್ಯದರ್ಶಿ. "ನಿಮ್ಮ ಸಂಶೋಧನೆ ಓದೋರು ಇಬ್ಬರೇ ಕಣಮ್ಮ, ಬರೆದೋಳು ಮತ್ತೆ ಅಚ್ಚು ತಿದ್ದೋನು" ಎಂದು ಸಿಕ್ಕಾಗಲೆಲ್ಲ ಕಾಲೆಳೆಯುತ್ತಿದ್ದವರು ಈ ಸಲ ನಗಲಿಲ್ಲ.

"ನಿವೃತ್ತರ ಆಸ್ಪತ್ರೆ ಖರ್ಚು ಕೊಡ್ತೀವಿ ಅಂತ ಕಂಪನಿಗಳು ಮಾತು ಕೊಟ್ಟಿರ್ತಾವಲ್ಲ, ಅದನ್ನ ಈಗಲೇ ಸಾಲದ ಹಾಗೆ ಹೊಣೆ ಅಂತ ಲೆಕ್ಕದಲ್ಲಿ ತೋರಿಸ್ಬೇಕು ಅನ್ನೋ ನಿಯಮ ತರ್ತಿದೀವಿ. ನೀನು ಅದರ ಮೇಲೇ ತಾನೇ ಇಷ್ಟು ವರ್ಷ ಕೂತಿರೋದು? ಬಂದು ಹೇಳು."

ಅವಳು ಹಂಬಲಿಸಿದ್ದ ಕರೆ ಅದು. ಬಂದಾಗ ಮಾತ್ರ ಹಳೆಯ ಅಂಕಿಅಂಶಗಳನ್ನೇ ಮತ್ತೆ ತೆಗೆದು ಕೂತಳು. ಬೇರೆ ದೇಶಗಳಲ್ಲಿ ಇಂಥ ನಿಯಮ ಬಂದ ಕಡೆ ಏನಾಯಿತೆಂದು ಅವಳು ನೋಡಿದ್ದಳು. ಕಾರ್ಮಿಕ ಸಂಘ ಗಟ್ಟಿಯಾಗಿದ್ದ ಕಂಪನಿಗಳು ಅದಕ್ಕೆಂದು ಹಣ ತೆಗೆದಿಟ್ಟು, ಒಳ್ಳೆಯದೇ ಆಗಿತ್ತು. ಸಂಘವಿಲ್ಲದ ಕಡೆ, ಹೊಣೆ ಕಣ್ಣಿಗೆ ಬಿದ್ದದ್ದೇ ತಡ, ಮಾಲೀಕರು ಆ ಸೌಲಭ್ಯಕ್ಕೇ ಕತ್ತರಿ ಹಾಕಿದ್ದರು. ಅದು ನಿಯಮದಿಂದಲೋ, ವ್ಯಾಪಾರ ಕುಸಿದದ್ದರಿಂದಲೋ? ಎದೆ ಮುಟ್ಟಿಕೊಂಡು ಹೇಳುವಂತಿರಲಿಲ್ಲ.

ಮಂಡಳಿಯ ಕೋಣೆಯಲ್ಲಿ ಏಸಿಯ ಚಳಿ, ನೀರಿನ ಲೋಟಗಳ ಮೇಲೆ ಕಾಗದದ ಮುಚ್ಚಳ. ಅವಳು ಎರಡನೇ ನಕ್ಷೆ ತೋರಿಸುವಷ್ಟರಲ್ಲಿ ಹಳೆಯ ಆಡಿಟರ್ ಆಗಿದ್ದ ಅಧ್ಯಕ್ಷರು ಕನ್ನಡಕ ತೆಗೆದಿಟ್ಟರು.

"ಮೇಡಂ, ನಿಯಮ ತರಬಹುದಾ, ಬೇಡವಾ?"

"ಅದು ಎಲ್ಲಿ, ಯಾರಿಗೆ ಅನ್ನೋದರ ಮೇಲೆ ನಿಂತಿದೆ ಸರ್..."

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಯ್ತಲ್ಲ! ನಾವು ಬರೀಬೇಕಾದ್ದು ಒಂದೇ ನಿಯಮ."

ಯಾರೋ ನಕ್ಕರು. ಅವಳು ಉಳಿದ ನಕ್ಷೆಗಳನ್ನು ಪಕ್ಕಕ್ಕಿಟ್ಟಳು. "ಲೆಕ್ಕದ ದೃಷ್ಟಿಯಿಂದ... ತಪ್ಪೇನಿಲ್ಲ" ಎಂದುಬಿಟ್ಟಳು. ಅಧ್ಯಕ್ಷರು ಅದನ್ನು ಬರೆದುಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮುಂದಿನ ವಾರ ನಿಯಮದ ಕರಡು ಹೊರಬಂತು. 'ಸಂಶೋಧನೆಯ ಪ್ರಕಾರ ಇದಕ್ಕೆ ಅಡ್ಡಿಯಿಲ್ಲ' ಎಂದಿತ್ತು. ಅವಳು ಅದನ್ನು ಎರಡು ಸಲ ಓದಿದಳು. ಪಾಠ ಬಿಟ್ಟು ನೇರ ಭಾವನ ಕಚೇರಿಗೆ ಹೋದಳು.

"ಭಾವ, ನಾನು ಹೀಗೆ ಹೇಳಲಿಲ್ಲ."

"ಹೇಳಿದ್ದಕ್ಕೆ ಹತ್ತಿರ ಇದೆಯಲ್ಲಮ್ಮ."

"ಸಂಘ ಇಲ್ಲದ ಕಡೆ ವಯಸ್ಸಾದವರ ಔಷಧಿ ನಿಂತುಹೋದ್ರೆ?"

"ನಿಲ್ಲುತ್ತೆ ಅಂತ ಖಂಡಿತವಾಗಿ ಹೇಳು, ಈಗಲೇ ತಡೀತೀನಿ."

"ಹಾಗೆ ಖಂಡಿತವಾಗಿ ಹೇಳೋಕಾಗಲ್ಲ ಭಾವ."

"ನೋಡು, ನಿಂಗೆ ಖಾತ್ರಿ ಆಗೋವರೆಗೂ ನಾವು ಕಾಯೋಕಾಗಲ್ಲ. ಸುಮ್ಮನಿರೋದೂ ಒಂದು ತೀರ್ಮಾನವೇ." ಭಾವನ ಕಣ್ಣುಗಳೂ ನಿದ್ದೆಗೆಟ್ಟು ಕೆಂಪಾಗಿದ್ದವು. "ನಂಗೇನು ಭಯ ಇಲ್ಲ ಅಂದ್ಕೊಂಡ್ಯಾ? ಸಹಿ ನನ್ನದು."

ಅವಳು ಕುರ್ಚಿ ಎಳೆದು ಕೂತಳು. "ಗೊತ್ತಿರೋದು ಇಷ್ಟು, ಗೊತ್ತಿಲ್ಲದ್ದು ಇಷ್ಟು ಅಂತ ಬರೀರಿ. ಸೌಲಭ್ಯ ಕಡಿತ ಮಾಡೋ ಕಂಪನಿ ಅದನ್ನ ಕಾರಣ ಸಮೇತ ವರದಿಯಲ್ಲಿ ಹೇಳಲೇಬೇಕು ಅಂತಲೂ ಸೇರಿಸಿ."

ಭಾವ ಗೊಣಗುತ್ತಲೇ ಅಧ್ಯಕ್ಷರ ಕೋಣೆಗೆ ಹೋದರು. ಅವಳು ಸೆರಗಿನ ಅಂಚು ಹಿಂಡುತ್ತಾ ಕಾದಳು.

"ಎರಡನೇದಕ್ಕೆ ಒಪ್ಪಿದ್ರು," ಎನ್ನುತ್ತಾ ಬಂದರು. "ಆದರೆ ಗೊತ್ತಿಲ್ಲ ಅಂತ ಮಂಡಳಿ ಬರೆಯೋ ಹಾಗಿಲ್ಲವಂತೆ. ಬೇಕಾದರೆ ಸಂಶೋಧನೆ ಅನ್ನೋ ನಿನ್ನ ಮಾತನ್ನೇ ಕರಡಿನಿಂದ ತೆಗೆದುಹಾಕ್ತಾರೆ."

"ತೆಗೆದುಬಿಡಿ" ಎಂದಳು. ಎಷ್ಟೋ ವರ್ಷದ ದುಡಿಮೆ ಆ ಕಾಗದದಿಂದ ಮಾಯವಾಯಿತು.

ನಿಯಮ ಜಾರಿಗೆ ಬಂತು. ವರ್ಷ ತಿರುಗಿದ ಮೇಲೆ, ಸಂಘವಿಲ್ಲದ ಒಂದು ಬಟ್ಟೆ ಕಾರ್ಖಾನೆಯ ವರದಿಯಲ್ಲಿ ಅವಳು ಅದನ್ನು ಕಂಡಳು: ನಿವೃತ್ತರ ವೈದ್ಯಕೀಯ ನೆರವು ರದ್ದು, ಕಾರಣ, ಹೊಸ ನಿಯಮದ ಹೊರೆ. ಕಂಪನಿ ಹೇಳಿದ ಕಾರಣವೇ ನಿಜವಾದ ಕಾರಣವೆಂದು ಏನು ಖಾತ್ರಿ? ನೂರು ಕಂಪನಿಗಳ ವರದಿ ಬರುವವರೆಗೆ ಕಾಯಬೇಕೆಂದು ಅವಳ ವಿದ್ಯೆ ಹೇಳುತ್ತಿತ್ತು. ಅವಳು ಭಾವನಿಗೆ ಫೋನ್ ಮಾಡಿ ಆ ಸಾಲು ಓದಿ ಹೇಳಿದಳು.

"ಸಾಬೀತು ಮಾಡೋಕೆ ಇನ್ನೂ ಆಗಲ್ಲ ಭಾವ. ಆದರೆ ನಂಗೆ ಭಯ ಆಗ್ತಿದೆ. ನಿಯಮ ಇನ್ನೊಮ್ಮೆ ನೋಡಿ ಅಂತ ಅಧ್ಯಕ್ಷರಿಗೆ ಹೇಳ್ಬೇಕು."

ಆ ಕಡೆ ಡೈರಿ ತಿರುವಿದ ಸದ್ದು. ಆಮೇಲೆ, "ನಾಳೆ ಬೆಳಿಗ್ಗೆನೇ ಬಾ. ನಾನೂ ಜೊತೆಗಿರ್ತೀನಿ" ಎಂದರು.

ಅವಳು ಆ ವರದಿಯನ್ನು ಚೀಲಕ್ಕೆ ಹಾಕಿಕೊಂಡಳು. ನಾಳೆಯ ತರಗತಿಗೆ ರಜೆ ಬರೆದುಕೊಟ್ಟು ಬಂದಳು.